ಅಯ್ಯಾರ ಮೂವತ್ತೊಂದು ಕೀ

ಒಂದೂವರೆ ವರ್ಷ ನಾಲ್ಕು ಅಡಿ ದೂರದಲ್ಲಿ ಕೂತು ಕೆಲಸ ಮಾಡಿದ ಮನುಷ್ಯನನ್ನು ತಾನು ಒಂದು ದಿನವೂ ಸರಿಯಾಗಿ ನೋಡಿಯೇ ಇರಲಿಲ್ಲ ಎಂಬುದು ರಾಜಶ್ರೀಗೆ ಗೊತ್ತಾದದ್ದು 2008ರ ನವೆಂಬರ್ ತಿಂಗಳ ಒಂದು ಸೋಮವಾರ. ಆ ಮನುಷ್ಯ ಚನ್ನಬಸವಯ್ಯ, ಸಪ್ಪಲಮ್ಮ ಗ್ರಾಫಿಕ್ಸ್‌ನ ಹಿರಿಯ ಡಿಸೈನರ್.

ಮಡಿವಾಳ ಕೆರೆಯ ಕಡೆಯಿಂದ ಬಂದರೆ ಬಿಟಿಎಂ ಎರಡನೇ ಹಂತದಲ್ಲಿ, ಒಂದು ಬೇಕರಿಗೂ ಜೆರಾಕ್ಸ್ ಅಂಗಡಿಗೂ ನಡುವೆ ಆ ಅಂಗಡಿ ಇತ್ತು. ಕಟ್ಟಡ ಮುನಿವೆಂಕಟಮ್ಮನವರದು. ಅದೇ ಜಾಗದಲ್ಲಿ ರಾಗಿ ಕೊಯ್ದಿದ್ದ ಅಜ್ಜಿ ಈಗ ಬಾಗಿಲಲ್ಲೊಂದು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಎಲೆಯಡಿಕೆ ಜಗಿಯುತ್ತ, ಹೋಗಿಬರುವವರನ್ನೆಲ್ಲ ವಿಚಾರಿಸಿಕೊಳ್ಳುತ್ತಿದ್ದರು. ಅಂಗಡಿ ನಡೆಸುತ್ತಿದ್ದವನು ಮೊಮ್ಮಗ ದೀಪಕ್. ಲಗ್ನಪತ್ರಿಕೆ, ವಿಸಿಟಿಂಗ್ ಕಾರ್ಡು, ಗೃಹಪ್ರವೇಶದ ಆಮಂತ್ರಣ, ಫ್ಲೆಕ್ಸ್ ಬ್ಯಾನರು, ಹೀಗೆ ಎಲ್ಲದರ ಡಿಸೈನೂ ಅಲ್ಲೇ ಆಗುತ್ತಿತ್ತು.

ರಾಜಶ್ರೀ ಬರುವ ಮೊದಲೇ ಅಲ್ಲೊಂದು ಗಲಿಬಿಲಿ ಆಗಿಹೋಗಿತ್ತು. ಎರಡು ಬೀದಿ ಆಚೆಯ ಡಿಸೈನ್ ಅಂಗಡಿಯೊಂದಕ್ಕೆ ಪೊಲೀಸರು ನುಗ್ಗಿ, ಕಳ್ಳ ಸಾಫ್ಟ್‌ವೇರ್ ಇಟ್ಟುಕೊಂಡಿದ್ದಾರೆಂದು ಕಂಪ್ಯೂಟರುಗಳನ್ನು ಜೀಪಿಗೆ ತುಂಬಿಕೊಂಡು ಹೋಗಿದ್ದರು. ದೀಪಕ್‌ನ ಜಂಘಾಬಲ ಉಡುಗಿತು. ಮಹಡಿ ಮನೆಯಲ್ಲಿ ಬಾಡಿಗೆಗಿದ್ದ ಚೈತನ್ಯ ಎಂಬ ಕಾಲೇಜು ಮೇಷ್ಟರನ್ನು ಕರೆದು, ಇದ್ದಬದ್ದದ್ದನ್ನೆಲ್ಲ ತೆಗೆಸಿ, ಯಾರು ಬೇಕಾದರೂ ಬಳಸಬಹುದಾದ ಮುಕ್ತ ಪ್ರೋಗ್ರಾಂಗಳನ್ನು ಹಾಕಿಸಿದ. ಫೋಟೋ ಕೆಲಸಕ್ಕೆ ಗಿಂಪ್, ಚಿತ್ರ ಮತ್ತು ಅಕ್ಷರಕ್ಕೆ ಇಂಕ್‌ಸ್ಕೇಪ್, ಪುಟ ಕಟ್ಟುವುದಕ್ಕೆ ಸ್ಕ್ರೈಬಸ್. ಹಳೆಯ ಪ್ರೋಗ್ರಾಂಗಳ ಕೀಗಳಿಗೆ ಒಗ್ಗಿದ್ದ ಇಬ್ಬರು ಆಪರೇಟರುಗಳು ಹದಿನೈದು ದಿನ ಒದ್ದಾಡಿ, "ಗುರು, ಇದ್ರಲ್ಲಿ ಕೈಯೇ ಓಡಲ್ಲ" ಎಂದು ಬಿಟ್ಟುಹೋದರು. ಆಗ ಬಂದವರು ಚನ್ನಬಸವಯ್ಯ. ಗಜೇಂದ್ರಗಡದ ಕಡೆಯವರು, ನಲವತ್ತೈದರ ಆಸುಪಾಸು. "ನನಗ ಬರತೈತ್ರಿ" ಎಂದಷ್ಟೇ ಹೇಳಿ ಕುರ್ಚಿಯಲ್ಲಿ ಕೂತರಂತೆ.

ಅವರಾದ ಮೇಲೆ ಕೆಲವೇ ತಿಂಗಳಿಗೆ ಕುಷ್ಟಗಿಯಿಂದ ಅಕ್ಕನ ಮನೆಗೆ ಬಂದ ರಾಜಶ್ರೀ ಟೈಪಿಂಗ್ ಕೆಲಸಕ್ಕೆ ಸೇರಿದಳು. ಊರ ಕಡೆಯ ಮಾತು ಕಿವಿಗೆ ಬಿದ್ದದ್ದೇ ಅವಳಿಗೆ ಹಿಗ್ಗಾಯಿತು. ಚನ್ನಬಸವಯ್ಯನವರನ್ನು ಊರ ಕಡೆಯ ರೂಢಿಯಂತೆ ಅಯ್ಯಾರು ಎಂದೇ ಕರೆದಳು. ಆದರೆ ಅಯ್ಯಾರು ಮಾತಿಗೆ ಸಿಗುವ ಜಾತಿಯಲ್ಲ. ಮ್ಯಾಟರ್ ಟೈಪ್ ಮಾಡಲು ಎಂದೂ ಕೈ ಹಚ್ಚುತ್ತಿರಲಿಲ್ಲ; ಎರಡೇ ಸಾಲಿದ್ದರೂ ಚೀಟಿಯನ್ನು ಅವಳ ಕಡೆ ತಳ್ಳುತ್ತಿದ್ದರು. ತಮ್ಮ ಕಂಪ್ಯೂಟರನ್ನು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಕುರ್ಚಿಯನ್ನು ಓರೆಯಾಗಿ ಎಳೆದುಕೊಂಡು, ಎಡಗೈಯಲ್ಲಿ ಸದಾ ಒಂದು ಮಡಿಸಿದ ಕರ್ಚೀಫು ಹಿಡಿದು ಅದನ್ನು ತೊಡೆಯ ಮೇಲಿಟ್ಟುಕೊಂಡು, ಬಲಗೈಯೊಂದರಲ್ಲೇ ಮೌಸಿನಿಂದ ಕೀಬೋರ್ಡಿನ ತುದಿಗೂ ತುದಿಯಿಂದ ಮೌಸಿಗೂ ಹಾರುತ್ತ ಕೆಲಸ ಮಾಡುತ್ತಿದ್ದರು. ಏನು ಮಹಾ ಠೀವಿ ಎಂದುಕೊಳ್ಳುತ್ತಿದ್ದಳು ರಾಜಶ್ರೀ. ಮನೆಗೆ ಹೋಗಿ ಅಕ್ಕನ ಮುಂದೆ ಅವರಂತೆ ಓರೆಯಾಗಿ ಕೂತು ತೋರಿಸಿ ನಗಿಸಿದ್ದೂ ಉಂಟು.

ಆ ನವೆಂಬರಿನಲ್ಲಿ ಅಯ್ಯಾರು ಅಕ್ಕನ ಮಗಳ ಸೀಮಂತಕ್ಕೆಂದು ನಾಲ್ಕು ದಿನ ಊರಿಗೆ ಹೋದರು. ಹೋಗುವ ಮುಂಚೆ ಜೆ.ಪಿ. ನಗರದ ಒಂದು ಕನ್ನಡ ಸಂಘದ ರಾಜ್ಯೋತ್ಸವದ ಬ್ಯಾನರು ಮುಗಿಸಿಟ್ಟಿದ್ದರು. ಇಪ್ಪತ್ತಡಿ ಅಗಲದ್ದು. ಶುಕ್ರವಾರ ಮಧ್ಯಾಹ್ನ ಸಂಘದ ಕಾರ್ಯದರ್ಶಿ ಮುತ್ತುರಾಜ ಓಡಿಬಂದ.

"ಮೇಡಂ, ಅಧ್ಯಕ್ಷರು ಚೇಂಜ್ ಆಗ್ಬಿಟ್ರು. ಈ ಫೋಟೋ ಹಾಕಿ, ಹೆಸ್ರು ಬದಲಾಯ್ಸಿ ಕೊಡಿ. ಐದು ಗಂಟೆಗೆ ಬೊಮ್ಮನಹಳ್ಳಿಲಿ ಪ್ರಿಂಟಿಗೆ ಹೋಗ್ಲೇಬೇಕು."

ರಾಜಶ್ರೀಯ ಕಂಪ್ಯೂಟರು ಹಳೆಯದು. ಅಷ್ಟು ದೊಡ್ಡ ಫೈಲ್ ತೆರೆದರೆ ಉಸಿರು ಕಟ್ಟಿ ನಿಂತುಬಿಡುತ್ತಿತ್ತು. ದೀಪಕ್ ಬನಶಂಕರಿಗೆ ಪೇಪರ್ ತರಲು ಹೋಗಿದ್ದ. ಬೇರೆ ದಾರಿ ಕಾಣದೆ ಅವಳು ಅಯ್ಯಾರ ಕುರ್ಚಿಯಲ್ಲಿ ಕೂತಳು. ಚೈತನ್ಯ ಮೇಷ್ಟರು ಕಲಿಸಿದ್ದಷ್ಟು ಗಿಂಪ್ ಅವಳಿಗೂ ಬರುತ್ತಿತ್ತು.

ಹೊಸ ಅಧ್ಯಕ್ಷರ ಫೋಟೋ ತೆರೆದಳು. ಅಳತೆ ಹಾಕೋಣವೆಂದು ಬಲಬದಿಯ ಅಂಕಿಗಳಲ್ಲಿ ಎರಡು, ನಾಲ್ಕು ಒತ್ತಿದಳು. ಅಧ್ಯಕ್ಷರು ತಲೆಕೆಳಗಾದರು. ಬಣ್ಣವೆಲ್ಲ ಹೋಗಿ ಕಪ್ಪುಬಿಳುಪಾದರು.

"ಇದೇನ್ ಮೇಡಂ ಇದು!" ಎಂದು ಹಿಂದೆ ನಿಂತಿದ್ದ ಮುತ್ತುರಾಜ ಕಿರುಚಿದ. "ಬದುಕಿರೋ ಮನುಷ್ಯ ಕಣ್ರೀ ಅವ್ರು!"

ಅವಳು ಗಾಬರಿಯಿಂದ ಕಂಟ್ರೋಲ್ ಹಿಡಿದು ಜೆಡ್ ಒತ್ತಿದಳು. ಮಾಡಿದ ತಪ್ಪನ್ನು ಹಿಂದೆ ತೆಗೆದುಕೊಳ್ಳುವ ಕೀ ಅದು, ಪ್ರಪಂಚದಲ್ಲೆಲ್ಲ ಅದೇ. ಏನೂ ಆಗಲಿಲ್ಲ. ಮತ್ತೆ ಒತ್ತಿದಳು. ಇಲ್ಲ. ಒಂಬತ್ತು ತಗುಲಿತು, ಚಿತ್ರ ಕತ್ತರಿಸಿ ಅಧ್ಯಕ್ಷರ ಒಂದು ಕಿವಿ ಮಾತ್ರ ಉಳಿಯಿತು. ಅಯ್ಯಾರಿಗೆ ಫೋನ್ ಮಾಡಿದರೆ ವ್ಯಾಪ್ತಿ ಪ್ರದೇಶದ ಹೊರಗೆ. ಕೊನೆಗೆ ಚೈತನ್ಯ ಮೇಷ್ಟರಿಗೆ ಮಾಡಿದಳು.

"ಓ, ಅವ್ರು ಶಾರ್ಟ್‌ಕಟ್ ಎಲ್ಲಾ ತಮಗೆ ಬೇಕಾದಂಗೆ ಬದಲಾಯಿಸ್ಕೊಂಡಿರ್ಬೇಕು," ಎಂದರು ಮೇಷ್ಟರು. "ಈ ಪ್ರೋಗ್ರಾಂಗಳಲ್ಲಿ ಅದು ಮಾಡ್ಬಹುದು, ಯಾವ ಕೀಗೆ ಯಾವ ಕೆಲಸ ಬೇಕಾದ್ರೂ ಕೊಡ್ಬಹುದು. ಗಿಂಪಲ್ಲಿ ಪ್ರಿಫರೆನ್ಸಸ್‌ಗೆ ಹೋಗಿ, ರೀಸೆಟ್ ಅಂತ ಬಟನ್ ಇದೆ. ಇಂಕ್‌ಸ್ಕೇಪ್‌ಗೆ ಕೀಸ್ ಅಂತ ಒಂದು ಫೋಲ್ಡರ್ ಇರುತ್ತೆ, ಅದರೊಳಗಿರೋ ಫೈಲ್ ತೆಗೆದ್ಬಿಡಿ. ಎಲ್ಲಾ ಮೊದಲಿನಂಗೆ ಆಗುತ್ತೆ."

ರಾಜಶ್ರೀ ಹಾಗೆಯೇ ಮಾಡಿದಳು. ಇಂಕ್‌ಸ್ಕೇಪಿನ ಫೈಲನ್ನು ಕಸದ ಬುಟ್ಟಿಗೂ ಹೋಗದ ಹಾಗೆ ಅಳಿಸಿದಳು. ಮುಂದೆ ಯಾವತ್ತಾದರೂ ಬೇಕಾಗಬಹುದೆಂದು ಸ್ಕ್ರೈಬಸ್‌ನದನ್ನೂ ಸರಿಪಡಿಸಿಬಿಟ್ಟಳು. ಅವಳ ಬೆರಳಿಗೆ ಗೊತ್ತಿದ್ದ ಕೀಗಳೆಲ್ಲ ಮಾತು ಕೇಳತೊಡಗಿದವು. ನಾಲ್ಕೂ ಮುಕ್ಕಾಲಿಗೆ ಫೈಲ್ ಬೊಮ್ಮನಹಳ್ಳಿಗೆ ಹೋಯಿತು. ಮುತ್ತುರಾಜ ಕೈಮುಗಿದ. ಅವಳಿಗೆ ತಾನೂ ಡಿಸೈನರ್ ಆದೆ ಅನ್ನಿಸಿತು.

ಸೋಮವಾರ ಅಯ್ಯಾರು ಬಂದರು. ಎಲ್ಲರಿಗೂ ಸೀಮಂತದ ಕರದಂಟು ಹಂಚಿ ತಮ್ಮ ಜಾಗದಲ್ಲಿ ಕೂತರು. ಹತ್ತೂವರೆಗೆ ಒಂದು ಗೃಹಪ್ರವೇಶದ ಕಾರ್ಡು ಬಂತು. ಗಿರಾಕಿ ಹುಲಿಗೆವ್ವ ಎಂಬಾಕೆ, ತಾವರೆಕೆರೆಯಲ್ಲಿ ಮನೆ ಕಟ್ಟಿಸಿದ್ದರು. ಪಕ್ಕದಲ್ಲೇ ಸ್ಟೂಲ್ ಎಳೆದುಕೊಂಡು ಕೂತರು. ದೀಪಕ್ ಹಿಂದೆ ನಿಂತಿದ್ದ.

ಅಯ್ಯಾರು ಸೊನ್ನೆ ಒತ್ತಿದರು. ಏಳು ಒತ್ತಿದರು. ಕೀಬೋರ್ಡು ಎತ್ತಿ ನೋಡಿ, ವೈರು ಅಲುಗಾಡಿಸಿ, ಮತ್ತೆ ಒತ್ತಿದರು. ಆಮೇಲೆ ತಿರುಗದೆಯೇ ಕೇಳಿದರು.

"ಇಲ್ಲೆ ಯಾರ ಕುಂತಿದ್ರು?"

"ನಾನ್ರೀ ಅಯ್ಯಾರ," ಎಂದಳು ರಾಜಶ್ರೀ, ಹೆಮ್ಮೆಯಿಂದಲೇ. "ಕೀ ಎಲ್ಲಾ ಅದಲುಬದಲಾಗಿದ್ವು ನೋಡ್ರಿ. ಸರಿ ಮಾಡೀನಿ."

"ಸರಿ ಮಾಡೀಯಾ?"

"ಹೂಂರಿ. ಮೂರರಾಗೂ."

ಅವರ ಕಿವಿಯ ಹಿಂದಿನಿಂದ ಕುತ್ತಿಗೆಗೆ ಬೆವರು ಇಳಿಯುವುದು ಅವಳಿಗೆ ಕಾಣಿಸಿತು. ಮೌಸಿನಿಂದ ಮೆನು ತೆರೆದು, ಹುಡುಕಿ, ಮುಚ್ಚಿ, ಇನ್ನೊಂದು ತೆರೆದು ನಿಧಾನವಾಗಿ ಕೆಲಸ ಶುರು ಮಾಡಿದರು. ಗಣಪತಿಯ ಚಿತ್ರವೊಂದನ್ನು ಕತ್ತರಿಸುವುದಕ್ಕೆ ಹತ್ತು ನಿಮಿಷವಾಯಿತು. ಹುಲಿಗೆವ್ವ ಗಡಿಯಾರ ನೋಡಿದರು.

"ಸಾರ್, ಯಾಕ್ ಮೆನುಲಿ ಹುಡುಕ್ತೀರಾ? ಕಂಟ್ರೋಲ್ ಶಿಫ್ಟ್ ಹಿಡ್ಕೊಂಡು ಎ ಒತ್ತಿ, ಆಯ್ತು," ಎಂದ ದೀಪಕ್.

ಅಯ್ಯಾರು ಬಲಗೈಯನ್ನು ಕೀಬೋರ್ಡಿನ ಎಡತುದಿಗೆ ತಂದು ಮೂರನ್ನೂ ಒಟ್ಟಿಗೆ ಹಿಡಿಯಲು ನೋಡಿದರು. ಹೆಬ್ಬೆರಳು ಒಂದರ ಮೇಲೆ ಕೂತರೆ ಇನ್ನೊಂದು ಜಾರುತ್ತಿತ್ತು. ಎರಡನೇ ಸಲವೂ ಜಾರಿತು.

"ಆ ಕೈಲಿ ಹಿಡ್ಕೊಳಿ ಸಾರ್, ಈ ಕೈಲಿ ಒತ್ತಿ!" ದೀಪಕ್‌ನ ದನಿ ಏರಿತು.

ಆಗ ಅವರು ಮಾಡಿದ್ದನ್ನು ರಾಜಶ್ರೀ ಜೀವಮಾನದಲ್ಲಿ ಮರೆಯಲಾರಳು. ಬಲಗೈಯಿಂದ ತಮ್ಮ ಎಡಗೈಯ ಮಣಿಕಟ್ಟನ್ನು ಹಿಡಿದು, ಯಾರದೋ ವಸ್ತುವನ್ನು ಎತ್ತುವಂತೆ ತೊಡೆಯಿಂದ ಎತ್ತಿ, ಕೀಬೋರ್ಡಿನ ಮೇಲೆ ಇಟ್ಟರು. ಕರ್ಚೀಫು ಬಿದ್ದುಹೋಯಿತು. ಬೆರಳುಗಳು ಒಳಕ್ಕೆ ಮಡಚಿಕೊಂಡು ಒಣ ಸೌತೆಬಳ್ಳಿಯಂತಿದ್ದವು. ಮಣಿಕಟ್ಟಿನ ಒಳಬದಿಯಲ್ಲಿ ಅಡ್ಡಕ್ಕೆ ಒಂದು ಬಿಳಿಯ ಗಾಯದ ಗೆರೆ. ಅವರು ಬಲಗೈಯ ತೋರುಬೆರಳಿನಿಂದ ಆ ಬೆರಳೊಂದನ್ನು ಕಂಟ್ರೋಲ್ ಕೀಯ ಮೇಲೆ ಒತ್ತಿ ಕೂರಿಸಲು ನೋಡಿದರು. ಅದು ಕೂರಲಿಲ್ಲ.

ಹುಲಿಗೆವ್ವ "ಶಿವನ ಶಿವನ" ಎಂದು ಬಾಯಿಗೆ ಸೆರಗು ಒತ್ತಿಕೊಂಡರು. ದೀಪಕ್ ಕಣ್ಣು ಮಿಟುಕಿಸದೆ ನಿಂತ. ರಾಜಶ್ರೀ ಆ ಕೈಯನ್ನೇ ನೋಡಿದಳು. ನಾಲ್ಕು ಅಡಿ. ಒಂದೂವರೆ ವರ್ಷ. ಒಂದೇ ಕೈಯಲ್ಲಿ ಬಿಚ್ಚುತ್ತಿದ್ದ ಊಟದ ಡಬ್ಬಿ, ಚೀಟಿ ತಳ್ಳುತ್ತಿದ್ದ ರೀತಿ, ಓರೆ ಕುರ್ಚಿ, ಎಲ್ಲವೂ ಒಂದೇ ಏಟಿಗೆ ಎದೆಗೆ ಬಡಿದವು. ಈ ಮನುಷ್ಯ ಯಾಕೆ ಟೈಪ್ ಮಾಡುತ್ತಿರಲಿಲ್ಲ ಎಂಬುದು ತಿಳಿಯಿತು. ಅವರು ಕೀಗಳನ್ನೆಲ್ಲ ಬಲತುದಿಗೆ ತಂದಿಟ್ಟುಕೊಂಡದ್ದು ಯಾಕೆಂಬುದೂ ತಿಳಿಯಿತು. ಅದನ್ನು ಅವಳು ಎರಡು ನಿಮಿಷದಲ್ಲಿ ಅಳಿಸಿ, ಸರಿ ಮಾಡಿದೆ ಎಂದಿದ್ದಳು.

ಅಯ್ಯಾರು ಎದ್ದು ಹೊರಗೆ ಹೋಗಿ ಬೇಕರಿಯ ಕಟ್ಟೆಯ ಮೇಲೆ ಕೂತರು. ಹುಲಿಗೆವ್ವ, "ನಾ ನಾಳೆ ಬರ್ತೀನ್ರಿ, ಅವಸರ ಏನಿಲ್ಲ," ಎಂದು ಸದ್ದಿಲ್ಲದೆ ಹೋದರು.

ದೀಪಕ್ ಬಾಗಿಲಲ್ಲಿದ್ದ ಅಜ್ಜಿಯ ಕಡೆ ತಿರುಗಿದ. "ಇಷ್ಟು ದಿನ ನಮ್ಮತ್ರ ಮುಚ್ಚಿಟ್ರಲ್ಲ ಅಜ್ಜಿ! ಒಂದ್ ಮಾತು ಹೇಳ್ಬಾರ್ದಿತ್ತಾ? ನಾನೇನ್ ಮನುಷ್ಯ ಅಲ್ವಾ?"

ಮುನಿವೆಂಕಟಮ್ಮ ಎಲೆಯಡಿಕೆ ಉಗಿದು ಬಂದು ಕೂತರು. "ನಂಗೊತ್ತಿತ್ತು ಕಣೋ."

"ಏನು?"

"ಆಯುಧಪೂಜೇಲಿ ಮಂಗಳಾರತಿ ತಟ್ಟೆ ಹಿಡ್ಕೊಂಡು ನಿಂತಿದ್ನಲ್ಲ ನಾನು. ಎಲ್ಲಾ ಎರಡೂ ಕೈ ಚಾಚಿದ್ರು. ಅಯ್ನೋರು ಒಂದೇ ಕೈ ಚಾಚಿದ್ರು. ಇನ್ನೊಂದು ಬರ್ಲಿಲ್ಲ. ಎರಡು ವರ್ಷದಿಂದ ಅಷ್ಟೇ."

"ಮತ್ತೆ ಹೇಳ್ಲಿಲ್ಲ ಯಾಕೆ?"

"ಹೇಳಿದ್ರೆ ನೀನು ಇಟ್ಕೋತಿದ್ಯಾ?"

ದೀಪಕ್‌ನ ಮುಖ ಕೆಂಪಾಯಿತು. ರಾಜಶ್ರೀಗೆ ಅಯ್ಯಾರ ಕೈ ಕಂಡದ್ದಕ್ಕಿಂತ ಇದೇ ದೊಡ್ಡ ಪೆಟ್ಟೆನಿಸಿತು. ಓದುಬರಹ ಬಾರದ ಅಜ್ಜಿ ಬಾಗಿಲಲ್ಲಿ ಕೂತೇ ಕಂಡದ್ದು ಪಕ್ಕದಲ್ಲಿದ್ದ ತನಗೆ ಕಂಡಿರಲಿಲ್ಲ.

ಅವಳು ಬೇಕರಿಯ ಕಟ್ಟೆಗೆ ಹೋದಳು. ಹೇಗೆ ಶುರು ಮಾಡುವುದೆಂದು ತಿಳಿಯದೆ ಪಕ್ಕದಲ್ಲಿ ನಿಂತಳು. ಅವರೇ ಮಾತಾಡಿದರು, ರಸ್ತೆಯ ಕಡೆ ನೋಡುತ್ತ.

ವಿಲ್ಸನ್ ಗಾರ್ಡನ್ನಿನ ಒಂದು ಸ್ಕ್ರೀನ್ ಪ್ರಿಂಟಿಂಗ್ ಘಟಕದಲ್ಲಿ ಅವರು ಡಿಸೈನು, ಅಚ್ಚು ಎರಡೂ ಮಾಡಿಕೊಂಡು ಹತ್ತು ವರ್ಷ ಇದ್ದರು. 2003ರಲ್ಲಿ ದೊಡ್ಡ ಗಾಜಿನ ಹಲಗೆಯೊಂದು ಕೈಯಲ್ಲೇ ಒಡೆದು ಮಣಿಕಟ್ಟು ಸೀಳಿತು. ಹೊಲಿಗೆ ಕೂಡಿತು, ನರ ಕೂಡಲಿಲ್ಲ. ಆಮೇಲೆ ಕೆಲಸ ಕೇಳಿಕೊಂಡು ಹೋದ ಕಡೆಯಲ್ಲೆಲ್ಲ ಮೊದಲು ಕೈ ನೋಡಿದರು, ಆಮೇಲೆ ಮುಖ. "ನಾಕ ಅಂಗಡಿಯವರು ವಾಪಸ್ ಕಳಿಸಿದ್ರು. ಐದನೇದಕ್ಕ ಕರ್ಚೀಫ್ ಹಿಡಕೊಂಡು ಹೋದೆ. ಯಾರೂ ಕೇಳಲಿಲ್ಲ," ಎಂದರು.

ಸಪ್ಪಲಮ್ಮ ಗ್ರಾಫಿಕ್ಸ್‌ಗೆ ಬಂದಾಗ, ಬರತೈತಿ ಎಂದಿದ್ದರೂ, ಅವರಿಗೂ ಈ ಪ್ರೋಗ್ರಾಂಗಳು ಗೊತ್ತಿರಲಿಲ್ಲ. ಎಲ್ಲರಿಗೂ ಹೊಸದಾಗಿದ್ದರಿಂದ ಅವರ ನಿಧಾನ ಯಾರ ಕಣ್ಣಿಗೂ ಬೀಳಲಿಲ್ಲ, ಅಷ್ಟೇ. ಮೊದಲ ವಾರದಲ್ಲೇ ಒಂದು ದಿನ ಗಿಂಪಿನ ಮೆನುವೊಂದನ್ನು ತೆರೆದಿಟ್ಟು ಯೋಚಿಸುತ್ತಿದ್ದಾಗ, ಅರಿವಿಲ್ಲದೆ ಏಳರ ಕೀಗೆ ಬೆರಳು ತಗುಲಿತು. ಮೆನುವಿನಲ್ಲಿ ಆ ಕೆಲಸದ ಹೆಸರಿನ ಮುಂದೆ ಇದ್ದ ಮೂರು ಕೀಗಳ ಹೆಸರು ಮಾಯವಾಗಿ, ಅಲ್ಲಿ ಏಳು ಎಂದು ಬಂತು. ಅವರು ಏನನ್ನೋ ಕೆಡಿಸಿಬಿಟ್ಟೆ ಎಂದು ಬೆಚ್ಚಿಬಿದ್ದರು. ಆಮೇಲೆ ಧೈರ್ಯ ಮಾಡಿ ಏಳು ಒತ್ತಿದರು. ಕೆಲಸ ಆಯಿತು, ಒಂದೇ ಬೆರಳಿನಲ್ಲಿ.

"ಎದಿ ಝಲ್ ಅಂತು ನೋಡ ತಂಗಿ. ಹಿಂಗೂ ಇರತೈತೇನು ಅಂತ. ಆರು ತಿಂಗಳ ಹಿಡೀತು. ಇಂಕ್‌ಸ್ಕೇಪ್‌ನ ಫೈಲ್ ತೆರದು ಒಂದೊಂದ ಸಾಲು ಓದಿ ಬದಲಿಸಿದೆ. ಮೂರರಾಗೂ ಒಂದ ಕೆಲಸಕ್ಕ ಒಂದ ಕೀ ಬರೋ ಹಂಗ ಮಾಡಿದೆ. ಮೂವತ್ತೊಂದು ಕೀ."

"ಎಲ್ಲೆರೆ ಬರದಿಟ್ಟೀರೇನ್ರಿ?"

"ಇಲ್ಲ."

"ಹೇಳ್ರಿ ಅಯ್ಯಾರ, ನಾ ಮತ್ತ ಹಾಕಿ ಕೊಡತೀನಿ. ಯಾವ ಕೀಗೆ ಏನಿತ್ತು?"

ಚನ್ನಬಸವಯ್ಯ ಬಾಯಿ ತೆರೆದರು. ಅವರ ಮುಖದಲ್ಲಿ ನಿಜವಾದ ದಿಗಿಲು ಅವಳು ಕಂಡದ್ದು ಆಗಲೇ. "ನನಗ ಗೊತ್ತಿಲ್ಲ," ಎಂದರು. ಸೊನ್ನೆ ಮತ್ತು ಏಳು ಬಿಟ್ಟರೆ ಒಂದೂ ಬಾಯಿಗೆ ಬರಲಿಲ್ಲ. ದಿನಕ್ಕೆ ಸಾವಿರ ಸಲ ಒತ್ತಿದ ಕೀಗಳು ಬೆರಳಿನಲ್ಲಿದ್ದವೇ ಹೊರತು ನೆನಪಿನಲ್ಲಿರಲಿಲ್ಲ.

ಮರುದಿನ ಬೆಳಿಗ್ಗೆ ಎಂಟಕ್ಕೇ, ಗಿರಾಕಿಗಳು ಬರುವ ಮೊದಲು, ಇಬ್ಬರೂ ಕಂಪ್ಯೂಟರಿನ ಮುಂದೆ ಕೂತರು. ರಾಜಶ್ರೀಗೆ ಒಂದು ಉಪಾಯ ಹೊಳೆದಿತ್ತು. ಹಳೆಯ ಲಗ್ನಪತ್ರಿಕೆಯೊಂದನ್ನು ತೆರೆದು, "ಇದನ್ನ ಮೊದಲಿಂದ ಮಾಡ್ರಿ. ಕೀ ಕೆಲಸ ಮಾಡ್ಲಿ ಬಿಡ್ಲಿ, ನೀವು ಒತ್ತಕೊಂತ ಹೋಗ್ರಿ," ಎಂದಳು. ಅವರು ಪರದೆಯನ್ನೇ ನೋಡುತ್ತ ಕೈ ಓಡಿಸಿದರು. ಅವಳು ಪರದೆ ನೋಡಲಿಲ್ಲ, ಅವರ ಬೆರಳು ನೋಡಿದಳು. "ಈಗೇನ ಮಾಡಬೇಕಂತಿದ್ರಿ?" "ಈ ಹೂವಿನದು ಇನ್ನೊಂದು ಪ್ರತಿ." ಬೆರಳು ಮೂರರ ಮೇಲಿತ್ತು. ಬರೆದುಕೊಂಡಳು. "ಈಗ?" "ಹಿಂದಕ್ಕ ಕಳಸೋದು." ಎಂಡ್ ಕೀ. ಬರೆದುಕೊಂಡಳು. ಯೋಚಿಸಿ ಒತ್ತಿದರೆ ತಪ್ಪುತ್ತಿತ್ತು. ಆಗ ಅವಳು ಊರಿನ ಮಾತು ತೆಗೆಯುತ್ತಿದ್ದಳು. ಮಾತಿನ ನಡುವೆ ಬೆರಳು ತಾನಾಗಿ ಸರಿಯಾದ ಕಡೆ ಹೋಗುತ್ತಿತ್ತು.

ನಾಲ್ಕು ದಿನ ಹಿಡಿಯಿತು. ನಾಲ್ಕನೇ ದಿನ ಸಂಜೆ ಚೈತನ್ಯ ಮೇಷ್ಟರು ಬಂದು, ತಾವು ಫೋನಿನಲ್ಲಿ ಹಗುರವಾಗಿ ಹೇಳಿದ ಮಾತಿನಿಂದ ಏನಾಯಿತೆಂದು ತಿಳಿದು ತಲೆ ಹಿಡಿದುಕೊಂಡರು. ಮೂರೂ ಪ್ರೋಗ್ರಾಂಗಳ ಕೀಗಳ ಫೈಲನ್ನು ಎರಡು ಸೀಡಿಗೆ ಬರೆದುಕೊಟ್ಟರು. ಕಂಟ್ರೋಲ್, ಶಿಫ್ಟ್‌ಗಳನ್ನು ಹಿಡಿದುಕೊಳ್ಳದೆ ಒಂದಾದ ಮೇಲೊಂದು ಒತ್ತಿದರೂ ನಡೆಯುವ ಸೌಲಭ್ಯವೊಂದನ್ನೂ ತೆರೆದುಕೊಟ್ಟರು. ಅಯ್ಯಾರು ಮೊದಲ ಬಾರಿಗೆ ಕನ್ನಡದಲ್ಲಿ ಒಂದು ಸಾಲು ತಾವೇ ಟೈಪ್ ಮಾಡಿದರು. ಅದು ರಾಜಶ್ರೀ ಕಾರ್ಡುಗಳಲ್ಲಿ ವರ್ಷವಿಡೀ ತಪ್ಪಾಗಿ ಹೊಡೆಯುತ್ತಿದ್ದ "ಆಶೀರ್ವಾದ" ಎಂಬ ಪದವಿದ್ದ ಸಾಲು. "ಶೀ ದೀರ್ಘ," ಎಂದರು. "ಎಷ್ಟ ದಿನದಿಂದ ಹೇಳಬೇಕಂತ ಇದ್ದೆ."

ದೀಪಕ್ ಕೈಯ ವಿಷಯ ಮತ್ತೆ ಎತ್ತಲಿಲ್ಲ. ಅಯ್ಯಾರನ್ನು ಕೆಲಸದಿಂದ ತೆಗೆಯಲೂ ಇಲ್ಲ. ಆದರೆ ಅವನ ಮಾತಿನಲ್ಲಿ ಒಂದು ಬಗೆಯ ಮೆತ್ತಗಿನತನ ಸೇರಿಕೊಂಡಿತು. ಅದು ಅಯ್ಯಾರಿಗೆ ಹಿಡಿಸುತ್ತಿರಲಿಲ್ಲ ಎಂಬುದು ರಾಜಶ್ರೀಗೆ ಕಾಣುತ್ತಿತ್ತು. ಈಗ ಅವಳಿಗೆ ಕಾಣುತ್ತಿತ್ತು. ಅವಳ ಮೇಲೂ ಅವರಿಗೆ ಸಿಟ್ಟು ಪೂರ್ತಿ ಇಳಿದಿರಲಿಲ್ಲ. ಒಮ್ಮೊಮ್ಮೆ ಅವಳು ಹತ್ತಿರ ಬಂದರೆ ಕೀಬೋರ್ಡನ್ನು ತಮ್ಮ ಕಡೆ ಎಳೆದುಕೊಳ್ಳುತ್ತಿದ್ದರು.

ಫೆಬ್ರವರಿಯಲ್ಲಿ ಇನ್ನೊಂದು ಸಿಡಿಲು. ಚೈತನ್ಯ ಮೇಷ್ಟರು ಆ ಫೈಲುಗಳನ್ನು, ಒಂದೇ ಕೈಯಲ್ಲಿ ಕೆಲಸ ಮಾಡುವವರಿಗೆಂದು ಬರೆದು, ಇಂಥ ಪ್ರೋಗ್ರಾಂ ಬಳಸುವವರ ಅಂತರ್ಜಾಲ ಗುಂಪಿಗೆ ಹಾಕಿಬಿಟ್ಟಿದ್ದರು. ಅದಕ್ಕೆ ತಮಿಳುನಾಡಿನ ನಾಗರಕೋಯಿಲಿನಿಂದ ಒಂದು ಪತ್ರ ಬಂದಿತ್ತು. ಮೇಷ್ಟರು ಅಚ್ಚು ತೆಗೆದು ನಗುತ್ತ ತಂದರು. ಅಯ್ಯಾರ ಮುಖ ಕಪ್ಪಿಟ್ಟಿತು.

"ಯಾರನ್ನ ಕೇಳಿ ಕೊಟ್ರಿ ನೀವು? ನನ್ನ ಕೈ ಊರ ತುಂಬ ಸಾರಾಕ?"

ಮೇಷ್ಟರು ತೊದಲಿದರು. ಹೆಸರು ಹಾಕಿಲ್ಲ ಎಂದರು, ಒಳ್ಳೆಯದಕ್ಕೇ ಎಂದರು, ಕೊನೆಗೆ ತಪ್ಪಾಯಿತು ಎಂದು ಕಾಗದವನ್ನು ಮೇಜಿನ ಮೇಲಿಟ್ಟು ಹೋದರು. ಇಡೀ ದಿನ ಕಾಗದ ಅಲ್ಲೇ ಬಿದ್ದಿತ್ತು. ಸಂಜೆ ರಾಜಶ್ರೀ ಬ್ಯಾಗು ಹೆಗಲಿಗೇರಿಸುವಾಗ ಅಯ್ಯಾರು ಅದನ್ನು ಅವಳ ಕಡೆ ತಳ್ಳಿದರು.

"ಇಂಗ್ಲಿಷ್ ಐತಿ. ಏನ ಬರದಾನ ಓದು."

ಅವಳು ಓದಿ ಹೇಳಿದಳು. ಬರೆದವನು ಅಲ್ಲಿನ ಫೋಟೋ ಸ್ಟುಡಿಯೋ ಒಂದರಲ್ಲಿ ಕೆಲಸ ಮಾಡುವವನು. ಕೀಗಳನ್ನು ಹಾಕಿಕೊಂಡು ನೋಡಿದ್ದಾನೆ, ಕತ್ತರಿಸುವ ಕೀ ಅವನ ಬೆರಳಿಗೆ ಎಟುಕುತ್ತಿಲ್ಲ, ಕೈ ಬಹಳ ನೋಯುತ್ತದೆ, ಏನು ಮಾಡಲಿ ಎಂದು ಕೇಳಿದ್ದಾನೆ.

ಅಯ್ಯಾರು ಕೀಬೋರ್ಡಿನ ಬಲತುದಿಯನ್ನು ದಿಟ್ಟಿಸುತ್ತ ಕೂತರು. ಒಮ್ಮೆಲೇ ತಲೆ ಎತ್ತಿದರು.

"ಅವಂಗ ಯಾವ ಕೈ ಐತಂತ ಬರದಾನೇನು?"

ರಾಜಶ್ರೀ ಮತ್ತೆ ಹುಡುಕಿದಳು. ಕೊನೆಯ ಸಾಲಿನಲ್ಲಿತ್ತು. "ಎಡಗೈರೀ."

"ಅಯ್ಯೋ ಹುಚ್ಚಪ್ಪಾ," ಎಂದರು ಚನ್ನಬಸವಯ್ಯ. "ನಂದ ಹಾಕ್ಕೊಂಡ್ರ ಅವಂಗ ನೋಯದ ಏನಾಗತೈತಿ? ಎಡಗೈಯಾವಂಗ ಎಲ್ಲಾ ಈ ಕಡಿ ಬರಬೇಕು." ಕೀಬೋರ್ಡನ್ನು ಮೇಜಿನ ನಡುವಿಗೆ, ಅವಳಿಗೂ ಕಾಣುವಂತೆ ಸರಿಸಿದರು. "ಬ್ಯಾಗ್ ಇಳಸು. ನಿನ್ನ ಎಡಗೈ ತಾ ಇಲ್ಲೆ. ಬಲಗೈ ತೊಡಿ ಮ್ಯಾಲಿಟಗೊ, ಎತ್ತಬ್ಯಾಡ. ಯಾವ ಬೆರಳು ಎಲ್ಲಿಗೆ ಮುಟ್ಟತೈತಿ ನೋಡೂಣು."